ದಣಿದ ಹೃದಯಕ್ಕೆ ನರದ ಒತ್ತಾಯ

ಒಬ್ಬರ ಎದೆಯಿಂದ ತೆಗೆದ ಹೃದಯವನ್ನು ಇನ್ನೊಬ್ಬರ ಎದೆಯಲ್ಲಿ ಕೂರಿಸುವಾಗ ಶಸ್ತ್ರವೈದ್ಯರು ರಕ್ತನಾಳಗಳನ್ನು ಹೊಲಿದು ಜೋಡಿಸುತ್ತಾರೆ, ನರಗಳನ್ನು ಜೋಡಿಸುವುದಿಲ್ಲ. ಆದರೂ ಆ ಹೃದಯ ಬಡಿಯುತ್ತದೆ, ನಿಮಿಷಕ್ಕೆ ಸುಮಾರು 90ರಿಂದ 100 ಸಲ, ಯಾರ ಅಪ್ಪಣೆಗೂ ಕಾಯದೆ. ಬಡಿತ ಹುಟ್ಟುವುದು ಹೃದಯದೊಳಗೇ. ಆದರೆ ಹಾಗೆ ಹೊಸ ಹೃದಯ ಪಡೆದವರು ಮೆಟ್ಟಿಲು ಹತ್ತತೊಡಗಿದರೆ ಬಡಿತ ಕೂಡಲೇ ಏರುವುದಿಲ್ಲ. ಅಡ್ರಿನಲಿನ್ ರಕ್ತದಲ್ಲಿ ಹರಿದು ಬಂದು ಮುಟ್ಟುವವರೆಗೆ ತಡವಾಗುತ್ತದೆ. ಕೂತು ಸುಧಾರಿಸಿಕೊಂಡರೂ ಬೇಗ ಇಳಿಯುವುದಿಲ್ಲ. ನರಗಳು ಹೃದಯಕ್ಕೆ ದಿನವೂ ಮಾಡುತ್ತಿರುವ ಕೆಲಸ ಏನೆಂಬುದು ಅವು ಇಲ್ಲವಾದಾಗ ಹೀಗೆ ತಿಳಿಯುತ್ತದೆ.

ಆ ಕೆಲಸ ಎರಡು ಬಗೆಯದು. ವೇಗಸ್ ಎಂಬ ನರ ಮಿದುಳಿನ ಬುಡದಿಂದ ಕುತ್ತಿಗೆಯ ಮೂಲಕ ಇಳಿದು ಬಂದು ಬಡಿತವನ್ನು ತಗ್ಗಿಸುತ್ತದೆ. ನಾವು ಸುಮ್ಮನೆ ಕೂತಿರುವಾಗ ನಾಡಿ ಎಪ್ಪತ್ತರ ಆಸುಪಾಸಿನಲ್ಲಿರುವುದು ಇದರಿಂದ. ಬೆನ್ನುಹುರಿಯ ಎದೆಭಾಗದಿಂದ ಹೊರಡುವ ಸಿಂಪಥೆಟಿಕ್ ನರಗಳು ಬಡಿತವನ್ನು ಏರಿಸುತ್ತವೆ, ಸ್ನಾಯುವಿನ ಹಿಂಡುವ ಬಲವನ್ನೂ ಹೆಚ್ಚಿಸುತ್ತವೆ. ನರ ಹೃದಯದೊಡನೆ ವ್ಯವಹರಿಸುವುದು ರಾಸಾಯನಿಕದ ಮೂಲಕ ಎಂದು ಆಟೋ ಲೋವಿ 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಕಪ್ಪೆಯ ಹೃದಯಗಳಿಂದ ತೋರಿಸಿದ. ಒಂದು ಕಪ್ಪೆಯ ವೇಗಸ್ ನರವನ್ನು ಕೆರಳಿಸಿ, ಆ ಹೃದಯವನ್ನು ತೊಯಿಸಿದ್ದ ದ್ರವವನ್ನು ಇನ್ನೊಂದು ಹೃದಯದ ಮೇಲೆ ಹಾಕಿದಾಗ ಅದೂ ನಿಧಾನವಾಯಿತು. ಸಿಂಪಥೆಟಿಕ್ ನರದ ತುದಿಯಿಂದ ಹೊರಬರುವುದು ನಾರ್‌ಅಡ್ರಿನಲಿನ್ ಎಂದು 1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಗುರುತಿಸಿದ. ಈ ಹೊತ್ತಿನ ಮಾತೆಲ್ಲ ಈ ನಾರ್‌ಅಡ್ರಿನಲಿನ್ನಿನ ಸುತ್ತಲೇ ಇದೆ.

ಹೃದಯಾಘಾತದಿಂದಲೋ, ಬಹಳ ಕಾಲ ಏರಿಯೇ ಇದ್ದ ರಕ್ತದೊತ್ತಡದಿಂದಲೋ, ವಂಶದಲ್ಲಿ ಬಂದ ಸ್ನಾಯುದೋಷದಿಂದಲೋ ಹೃದಯ ಬಲ ಕಳೆದುಕೊಂಡಿತು ಎನ್ನೋಣ. ಕಾಲು ಊದಿಕೊಳ್ಳುತ್ತದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ, ರಾತ್ರಿ ಚಪ್ಪಟೆ ಮಲಗಲಾಗದೆ ದಿಂಬಿನ ಮೇಲೆ ದಿಂಬು ಇಟ್ಟುಕೊಳ್ಳಬೇಕಾಗುತ್ತದೆ. ವೈದ್ಯರು ಇದನ್ನು ಹೃದಯ ವೈಫಲ್ಯ ಎನ್ನುತ್ತಾರೆ. ಹೃದಯ ನಿಂತಿತು ಎಂದು ಇದರರ್ಥವಲ್ಲ. ದೇಹ ಕೇಳಿದಷ್ಟು ರಕ್ತವನ್ನು ಅದು ದೂಡಲಾರದು ಎಂದು ಅರ್ಥ. ರಕ್ತ ಸಾಲದೆಂದು ಅರಿತ ಮಿದುಳು ಸಿಂಪಥೆಟಿಕ್ ನರಗಳನ್ನು ಚುರುಕುಗೊಳಿಸುತ್ತದೆ. ಗಾಯವಾಗಿ ರಕ್ತ ಹೋದಾಗ ಈ ಏರ್ಪಾಡು ಜೀವ ಉಳಿಸುತ್ತದೆ, ಏಕೆಂದರೆ ಅದು ಕೆಲವು ಗಂಟೆಗಳ ಮಾತು. ಹೃದಯ ವೈಫಲ್ಯದಲ್ಲಿ ಕೊರತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿಯುತ್ತದೆ, ನರದ ಒತ್ತಾಯವೂ ಹಾಗೆಯೇ ಮುಂದುವರಿಯುತ್ತದೆ. ಏರಿನಲ್ಲಿ ದಣಿದು ನಿಂತ ಎತ್ತಿಗೆ ಬಾರುಕೋಲಿನ ಏಟು ಬಿದ್ದರೆ ಅದು ಹತ್ತು ಹೆಜ್ಜೆ ಎಳೆದೀತು. ಇಡೀ ಘಾಟಿ ಹತ್ತುವವರೆಗೂ ಹೊಡೆದರೆ ನೊಗದಲ್ಲೇ ಕುಸಿಯುತ್ತದೆ.

ಇದಕ್ಕೆ ಪುರಾವೆ ಒದಗಿದ್ದು ಎಂಬತ್ತರ ದಶಕದಲ್ಲಿ. 1982ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೈಕೆಲ್ ಬ್ರಿಸ್ಟೋ ಮತ್ತು ಸಂಗಡಿಗರು, ಹೃದಯ ಕಸಿಯ ವೇಳೆ ತೆಗೆದ ಸೋತ ಹೃದಯಗಳನ್ನು ಪರೀಕ್ಷಿಸಿದರು. ನಾರ್‌ಅಡ್ರಿನಲಿನ್ ಬಂದು ಅಂಟಿಕೊಳ್ಳುವ ಪ್ರೋಟೀನುಗಳು ಹೃದಯದ ಜೀವಕೋಶಗಳ ಹೊರಪೊರೆಯಲ್ಲಿರುತ್ತವೆ. ಅವಕ್ಕೆ ಬೀಟಾ ಗ್ರಾಹಿಗಳೆಂದು ಹೆಸರು. ಸೋತ ಹೃದಯಗಳಲ್ಲಿ ಇವುಗಳ ಸಂಖ್ಯೆ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ನರದ ಅತಿಯಾದ ಒತ್ತಾಯಕ್ಕೆ ಹೃದಯವೇ ಕಿವಿ ಮುಚ್ಚಿಕೊಳ್ಳತೊಡಗಿತ್ತು. ಎರಡು ವರ್ಷಗಳ ಬಳಿಕ ಜೇ ಕೋನ್ ಅವರ ತಂಡ 106 ರೋಗಿಗಳ ರಕ್ತದಲ್ಲಿ ನಾರ್‌ಅಡ್ರಿನಲಿನ್ ಅಳೆದು, ಅದು ಹೆಚ್ಚಿದ್ದವರು ಬೇಗ ಸಾಯುತ್ತಾರೆ ಎಂದು ತೋರಿಸಿತು.

ಇದಕ್ಕೂ ಮುಂಚೆಯೇ, 1975ರಲ್ಲಿ, ಸ್ವೀಡನ್ನಿನ ಯೋತೆಬೋರಿಯಲ್ಲಿ ಫಿನ್ ವಾಗ್‌ಸ್ಟೀನ್ ಮತ್ತು ಜೊತೆಗಾರರು ಧೈರ್ಯದ ಒಂದು ಹೆಜ್ಜೆ ಇಟ್ಟಿದ್ದರು. ಸೋತ ಹೃದಯದ ಏಳು ಮಂದಿಗೆ ಬೀಟಾ ಗ್ರಾಹಿಗಳನ್ನು ತಡೆಯುವ ಔಷಧಿ, ಅಂದರೆ ಬೀಟಾ ಬ್ಲಾಕರ್, ಕೊಟ್ಟರು. ಅಂದಿನ ಪುಸ್ತಕಗಳ ಪ್ರಕಾರ ಅದು ಮಾಡಬಾರದ ಕೆಲಸ. ಬಲವಿಲ್ಲದ ಹೃದಯಕ್ಕೆ ಸಿಗುತ್ತಿರುವ ಆಸರೆಯನ್ನೇ ಕಿತ್ತುಕೊಳ್ಳುವುದುಂಟೇ ಎಂದು ವೈದ್ಯರು ಕೇಳಿದರು. ಆದರೆ ರೋಗಿಗಳು ಚೇತರಿಸಿಕೊಂಡರು. ಜಗತ್ತು ಇದನ್ನು ಒಪ್ಪಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. 1999ರಲ್ಲಿ ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಎಂಬ ಎರಡು ಔಷಧಿಗಳ ದೊಡ್ಡ ಪರೀಕ್ಷೆಗಳು ಪ್ರಕಟವಾದವು. ಎರಡರಲ್ಲೂ ಸಾವು ಶೇಕಡಾ 34ರಷ್ಟು ತಗ್ಗಿತ್ತು. ಇಂದು ನಮ್ಮ ತಾಲ್ಲೂಕು ಕೇಂದ್ರದ ಔಷಧಿ ಅಂಗಡಿಯಲ್ಲೂ ಈ ಮಾತ್ರೆಗಳು ಸಿಗುತ್ತವೆ.

ಆದರೆ ಸರಾಸರಿಯ ಹಿಂದೆ ಮನುಷ್ಯರಿದ್ದಾರೆ. ಒಂದೇ ಮಾತ್ರೆ, ಒಂದೇ ಪ್ರಮಾಣ. ಒಬ್ಬರ ಹಿಗ್ಗಿದ್ದ ಹೃದಯ ಆರು ತಿಂಗಳಲ್ಲಿ ಕುಗ್ಗಿ ಮಾಮೂಲು ಗಾತ್ರಕ್ಕೆ ಬರುತ್ತದೆ, ಇನ್ನೊಬ್ಬರದು ಇದ್ದ ಹಾಗೆಯೇ ಇರುತ್ತದೆ, ಮೂರನೆಯವರಿಗೆ ಮಾತ್ರೆ ತಡೆದುಕೊಳ್ಳಲೇ ಆಗುವುದಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿ ಇವೆಲ್ಲ ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣ. ಉಳಿದುದರಲ್ಲಿ ಒಂದು ಪಾಲು ನಾವು ತಾಯಿತಂದೆಯರಿಂದ ಪಡೆದ ಜೀನುಗಳದು. ನರ ಕಳಿಸುವ ನಾರ್‌ಅಡ್ರಿನಲಿನ್ ಎಲ್ಲರಲ್ಲೂ ಒಂದೇ ವಸ್ತು. ಅದನ್ನು ಸ್ವೀಕರಿಸುವ ಪ್ರೋಟೀನು ಎಲ್ಲರಲ್ಲೂ ಒಂದೇ ಅಲ್ಲ.

ಹೃದಯದಲ್ಲಿ ಮುಖ್ಯವಾಗಿರುವುದು ಬೀಟಾ-1 ಗ್ರಾಹಿ. ಅದರ ಜೀನ್ ಹತ್ತನೆಯ ಕ್ರೋಮೋಸೋಮಿನಲ್ಲಿದೆ. 477 ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡ ಪ್ರೋಟೀನು ಅದು. 389ನೆಯ ಸ್ಥಾನದಲ್ಲಿ ಕೆಲವರಿಗೆ ಆರ್ಜಿನಿನ್, ಕೆಲವರಿಗೆ ಗ್ಲೈಸಿನ್ ಇರುತ್ತದೆ. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ, 'ಸಿ' ಇರುವಲ್ಲಿ 'ಜಿ'. ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುವುದರಿಂದ, ಎರಡೂ ಆರ್ಜಿನಿನ್, ಎರಡೂ ಗ್ಲೈಸಿನ್, ಅಥವಾ ಒಂದೊಂದು ಹೀಗೆ ಮೂರು ಬಗೆಯ ಜನರಿದ್ದಾರೆ. ಮೊದಲು ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಗ್ಲೈಸಿನ್ ಪ್ರತಿ. ಹಾಗಾಗಿ ಕೆಲಕಾಲ ಅದೇ ಮೂಲ ಎಂದುಕೊಂಡಿದ್ದರು. ಹೆಚ್ಚಿನ ಜನರಲ್ಲಿರುವುದು ಆರ್ಜಿನಿನ್ ಎಂದು ಆಮೇಲೆ ತಿಳಿಯಿತು.

ಆ ಸ್ಥಾನ ಗ್ರಾಹಿಯ ಬಾಲದಲ್ಲಿ, ಜೀವಕೋಶದ ಒಳಮೈಯಲ್ಲಿದೆ. ಹೊರಗೆ ನಾರ್‌ಅಡ್ರಿನಲಿನ್ ಅಂಟಿದಾಗ ಗ್ರಾಹಿ ಒಳಗೆ ಜಿ-ಪ್ರೋಟೀನು ಎಂಬುದನ್ನು ತಟ್ಟಿ ಎಬ್ಬಿಸುತ್ತದೆ. ಅದು ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ, ಕಿಣ್ವ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವನ್ನು ತಯಾರಿಸುತ್ತದೆ, ಅದರಿಂದ ಕೊನೆಗೆ ಕ್ಯಾಲ್ಸಿಯಂ ನುಗ್ಗಿ ಸ್ನಾಯು ಬಿಗಿಯುತ್ತದೆ. ಆರ್ಜಿನಿನ್ ಇದ್ದರೆ ಜಿ-ಪ್ರೋಟೀನಿನೊಂದಿಗೆ ಹಿಡಿತ ಭದ್ರ. 1999ರಲ್ಲಿ ಸ್ಟೀಫನ್ ಲಿಗೆಟ್ ಅವರ ತಂಡ ಪ್ರಯೋಗಾಲಯದ ಜೀವಕೋಶಗಳಲ್ಲಿ ಎರಡನ್ನೂ ಹೋಲಿಸಿದಾಗ, ಆರ್ಜಿನಿನ್ ಗ್ರಾಹಿ ಸುಮಾರು ಮೂರು ಪಟ್ಟು ಹೆಚ್ಚು ಪ್ರತಿಕ್ರಿಯೆ ತೋರಿತು. ನರದ ಒಂದೇ ಒತ್ತಾಯಕ್ಕೆ ಒಬ್ಬರ ಹೃದಯ ಅಷ್ಟು, ಇನ್ನೊಬ್ಬರದು ಇಷ್ಟು ಓಗೊಡುತ್ತದೆ ಎಂದಾಯಿತು.

ಹಾಗಾದರೆ ಆರ್ಜಿನಿನ್ ಒಳ್ಳೆಯದೋ ಕೆಟ್ಟದ್ದೋ? ಇದಕ್ಕೆ ಇಲಿಗಳು ಕೊಟ್ಟ ಉತ್ತರ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಮಾನವನ ಆರ್ಜಿನಿನ್ ಗ್ರಾಹಿಯನ್ನು ಹೃದಯದಲ್ಲಿ ಹೊತ್ತ ಇಲಿಗಳು ಎಳೆಯ ವಯಸ್ಸಿನಲ್ಲಿ ಗ್ಲೈಸಿನ್ ಇಲಿಗಳಿಗಿಂತ ಗಟ್ಟಿಯಾಗಿದ್ದವು. ಅವುಗಳ ಹೃದಯ ಚೆನ್ನಾಗಿ ಹಿಂಡುತ್ತಿತ್ತು. ವಯಸ್ಸಾಗುತ್ತ ಬಂದಂತೆ ಲೆಕ್ಕ ತಿರುಗಿತು. ಅವೇ ಇಲಿಗಳ ಹೃದಯ ಗ್ಲೈಸಿನ್ ಇಲಿಗಳಿಗಿಂತ ದುರ್ಬಲವಾಯಿತು, ಗ್ರಾಹಿಗಳ ಪ್ರತಿಕ್ರಿಯೆಯೂ ಕುಂದಿತು. 2003ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಇನ್ನೊಂದು ಅಂಶವಿದೆ. ಎರಡೂ ಪ್ರತಿ ಆರ್ಜಿನಿನ್ ಇದ್ದ ರೋಗಿಗಳ ಹೃದಯ ಕಾರ್ವೆಡಿಲಾಲ್ ಎಂಬ ಬೀಟಾ ಬ್ಲಾಕರಿಗೆ ಹೆಚ್ಚು ಸುಧಾರಿಸಿತು. ಅತಿಯಾಗಿ ಓಗೊಡುವ ಹೃದಯವೇ ನರದ ಒತ್ತಾಯವನ್ನು ತಡೆದಾಗ ಹೆಚ್ಚು ಲಾಭ ಪಡೆಯುತ್ತದೆ. ಯೌವನದಲ್ಲಿ ಬಲವಾಗಿದ್ದ ಗುಣ ಕಾಯಿಲೆಯಲ್ಲಿ ಹೊರೆಯಾಗುತ್ತದೆ, ಔಷಧಿ ಸಿಕ್ಕರೆ ಅದೇ ಮತ್ತೆ ಅನುಕೂಲಕ್ಕೆ ಬರುತ್ತದೆ. ಆದ್ದರಿಂದ ಜೀನುಗಳನ್ನು ಒಳ್ಳೆಯವು, ಕೆಟ್ಟವು ಎಂದು ಎರಡು ಪಂಕ್ತಿಯಲ್ಲಿ ಕೂರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ಬ್ಯುಸಿಂಡೊಲಾಲ್ ಎಂಬ ಔಷಧಿಯ ಕಥೆ. ಅದೂ ಬೀಟಾ ಬ್ಲಾಕರೇ. 1995ರಲ್ಲಿ ಅಮೆರಿಕದಲ್ಲಿ ಅದರ ದೊಡ್ಡ ಪರೀಕ್ಷೆ ಶುರುವಾಯಿತು. ರೋಗ ಸಾಕಷ್ಟು ಮುಂದುವರಿದಿದ್ದ 2708 ಮಂದಿ ಅದರಲ್ಲಿದ್ದರು. 1999ರಲ್ಲಿ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಉಳಿದ ಬೀಟಾ ಬ್ಲಾಕರುಗಳು ಗೆದ್ದಲ್ಲಿ ಇದು ಸೋತಿತ್ತು. ಸುಳ್ಳು ಮಾತ್ರೆ ಪಡೆದವರಲ್ಲಿ ಶೇಕಡಾ 33, ಔಷಧಿ ಪಡೆದವರಲ್ಲಿ ಶೇಕಡಾ 30 ಸಾವು; ಅಂತರ ನೆಚ್ಚುವಷ್ಟು ದೊಡ್ಡದಿರಲಿಲ್ಲ. ಅದರಲ್ಲೂ ಆಫ್ರಿಕನ್ ಅಮೆರಿಕನ್ ರೋಗಿಗಳಿಗೆ ಪ್ರಯೋಜನವೇ ಕಾಣಲಿಲ್ಲ. ಔಷಧಿಯನ್ನು ಮೂಲೆಗಿಟ್ಟರು.

ಆದರೆ ಆ ಪರೀಕ್ಷೆಯಲ್ಲಿದ್ದ 1040 ಮಂದಿಯ ಡಿಎನ್‌ಎಯನ್ನು ಜೋಪಾನವಾಗಿ ಇಟ್ಟಿದ್ದರು. 2006ರಲ್ಲಿ ಲಿಗೆಟ್, ಬ್ರಿಸ್ಟೋ ಮತ್ತು ಸಂಗಡಿಗರು 389ನೆಯ ಸ್ಥಾನವನ್ನು ನೋಡಿ ರೋಗಿಗಳನ್ನು ಮತ್ತೆ ವಿಂಗಡಿಸಿದರು. ಎರಡೂ ಪ್ರತಿ ಆರ್ಜಿನಿನ್ ಇದ್ದವರಲ್ಲಿ ಬ್ಯುಸಿಂಡೊಲಾಲ್ ಸಾವನ್ನು ಶೇಕಡಾ 38ರಷ್ಟು ತಗ್ಗಿಸಿತ್ತು. ಗ್ಲೈಸಿನ್ ಒಂದಾದರೂ ಇದ್ದವರಲ್ಲಿ ಏನೂ ಆಗಿರಲಿಲ್ಲ. ಸೋತಿದ್ದು ಔಷಧಿಯೋ, ಯಾರಿಗೆ ಕೊಡಬೇಕೆಂದು ಅರಿಯದ ನಮ್ಮ ವಿಧಾನವೋ ಎಂಬ ಪ್ರಶ್ನೆ ಎದ್ದಿತು. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಮೆಟೊಪ್ರೊಲಾಲ್ ಪರೀಕ್ಷೆಯ ರೋಗಿಗಳಲ್ಲಿ ಇದೇ ಜೀನನ್ನು ಹುಡುಕಿದಾಗ ಇಂಥ ವ್ಯತ್ಯಾಸ ಸಿಗಲಿಲ್ಲ. ಅಂದರೆ ಜೀನಿನ ಪ್ರಭಾವ ಔಷಧಿಯಿಂದ ಔಷಧಿಗೆ ಬೇರೆಯಾಗುತ್ತದೆ.

ಇದುವರೆಗೆ ಹೃದಯದ ಕಡೆಯ ಮಾತಾಯಿತು. ನರದ ಕಡೆಯಲ್ಲೂ ಜೀನುಗಳಿವೆ. ನರದ ತುದಿ ನಾರ್‌ಅಡ್ರಿನಲಿನ್ನನ್ನು ಸುರಿಯುತ್ತಲೇ ಇರುವುದಿಲ್ಲ. ಹೊರಬಂದ ನಾರ್‌ಅಡ್ರಿನಲಿನ್ನಿನಲ್ಲಿ ಸ್ವಲ್ಪ ಅದೇ ತುದಿಯ ಮೇಲಿರುವ ಆಲ್ಫಾ-2 ಗ್ರಾಹಿಗಳಿಗೆ ಅಂಟಿ, ಇನ್ನು ಸಾಕು ಎಂದು ತಡೆಯುತ್ತದೆ. ಈ ತಡೆ ಇಲ್ಲದ ಇಲಿಗಳನ್ನು 1999ರಲ್ಲಿ ಬ್ರಯನ್ ಕೊಬಿಲ್ಕಾ ಮತ್ತು ಜೊತೆಗಾರರು ಬೆಳೆಸಿ ನೋಡಿದರು. ಅವುಗಳ ರಕ್ತದಲ್ಲಿ ನಾರ್‌ಅಡ್ರಿನಲಿನ್ ಏರಿತ್ತು, ಹೃದಯ ದಪ್ಪಗಾಗಿತ್ತು. ಮನುಷ್ಯರಲ್ಲಿ ಕೆಲವರಿಗೆ ಆಲ್ಫಾ-2ಸಿ ಗ್ರಾಹಿಯಲ್ಲಿ ನಾಲ್ಕು ಅಮೈನೋ ಆಮ್ಲಗಳು ಹುಟ್ಟಿನಿಂದಲೇ ಇಲ್ಲ. ಅವರಲ್ಲಿ ಈ ತಡೆ ಸಡಿಲ. ಆಫ್ರಿಕನ್ ಅಮೆರಿಕನ್ನರಲ್ಲಿ ಈ ಕೊರತೆಯುಳ್ಳ ಪ್ರತಿ ಶೇಕಡಾ 40ರಷ್ಟಿದ್ದರೆ ಬಿಳಿಯ ಅಮೆರಿಕನ್ನರಲ್ಲಿ ಶೇಕಡಾ 4ರಷ್ಟು.

ಒಬ್ಬರಲ್ಲೇ ಎರಡೂ ಕೂಡಿದರೆ, ಅಂದರೆ ನಾರ್‌ಅಡ್ರಿನಲಿನ್ ಹೆಚ್ಚು ಬಿಡುವ ನರ ಮತ್ತು ಅದಕ್ಕೆ ಹೆಚ್ಚು ಓಗೊಡುವ ಹೃದಯ ಎರಡೂ ಇದ್ದರೆ? 2002ರಲ್ಲಿ ಸಿನ್ಸಿನಾಟಿಯ ತಂಡವೊಂದು 159 ರೋಗಿಗಳನ್ನೂ 189 ಆರೋಗ್ಯವಂತರನ್ನೂ ಹೋಲಿಸಿತು. ಎರಡೂ ಬಗೆಯ ಜೋಡಿ ಪ್ರತಿಗಳಿದ್ದ ಆಫ್ರಿಕನ್ ಅಮೆರಿಕನ್ನರಲ್ಲಿ ಹೃದಯ ವೈಫಲ್ಯದ ಸಂಭವ ಸುಮಾರು ಹತ್ತು ಪಟ್ಟು ಕಂಡಿತು. ಜನ ಕಡಿಮೆ ಇದ್ದ ಅಧ್ಯಯನ ಅದು. ಮುಂದೆ ನಡೆದ ಕೆಲವು ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. ಹತ್ತು ಪಟ್ಟು ಎಂಬ ಅಂಕಿಯನ್ನು ನಾನು ಗಟ್ಟಿಯಾಗಿ ಹಿಡಿಯುವುದಿಲ್ಲ. ಆದರೆ ನರವನ್ನೂ ಹೃದಯವನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬ ಆ ತಂಡದ ವಿಚಾರ ಸರಿಯಾದದ್ದು.

ನರದ ಒತ್ತಾಯವೇ ಕೆಡುಕಾದರೆ ಅದನ್ನು ಮಿದುಳಿನಲ್ಲೇ ಅಡಗಿಸಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಹಾಗೂ ಮಾಡಿ ನೋಡಿದರು. ಮಾಕ್ಸೊನಿಡಿನ್ ಎಂಬ ಔಷಧಿ ಮಿದುಳಿನ ಮಟ್ಟದಲ್ಲೇ ಸಿಂಪಥೆಟಿಕ್ ನರಗಳನ್ನು ತಣ್ಣಗಾಗಿಸುತ್ತದೆ. 1934 ರೋಗಿಗಳ ಪರೀಕ್ಷೆಯಲ್ಲಿ ಔಷಧಿ ಪಡೆದವರಲ್ಲಿ 54, ಪಡೆಯದವರಲ್ಲಿ 32 ಸಾವು ಸಂಭವಿಸಿ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಸೋತ ಹೃದಯಕ್ಕೆ ನರದ ಆಸರೆ ಸ್ವಲ್ಪವಾದರೂ ಬೇಕು. ಬೀಟಾ ಬ್ಲಾಕರ್ ನರವನ್ನು ಮುಟ್ಟುವುದಿಲ್ಲ, ಗ್ರಾಹಿಯ ಬಳಿ ನಿಂತು ತಡೆಯುತ್ತದೆ. ತೀರಾ ಅಗತ್ಯ ಬಿದ್ದಾಗ ನಾರ್‌ಅಡ್ರಿನಲಿನ್ ಅದನ್ನು ಸರಿಸಿ ಒಳಬರಲು ಎಡೆಯಿರುತ್ತದೆ. ಬ್ಯುಸಿಂಡೊಲಾಲ್ ಗ್ರಾಹಿಯನ್ನು ತಡೆಯುವುದರ ಜೊತೆಗೆ ರಕ್ತದ ನಾರ್‌ಅಡ್ರಿನಲಿನ್ನನ್ನೂ ಇಳಿಸುತ್ತದೆ. ಅದು ವಿಪರೀತ ಇಳಿದವರಲ್ಲಿ ಸಾವು ಹೆಚ್ಚಿತ್ತು ಎಂದು ಬ್ರಿಸ್ಟೋ 2004ರಲ್ಲಿ ತೋರಿಸಿದರು.

ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಶೋಧ 2008ರದು. ಗ್ರಾಹಿ ಬಹಳ ಹೊತ್ತು ಕೆರಳಿಯೇ ಇದ್ದರೆ ಅದನ್ನು ಸುಮ್ಮನಾಗಿಸುವ ಕಿಣ್ವಗಳು ಜೀವಕೋಶದಲ್ಲಿವೆ. ಅವುಗಳಲ್ಲೊಂದು ಜಿಆರ್‌ಕೆ-5. ಅದರ 41ನೆಯ ಸ್ಥಾನದಲ್ಲಿ ಸಾಮಾನ್ಯವಾಗಿ ಗ್ಲುಟಮಿನ್ ಇರುತ್ತದೆ. ಆಫ್ರಿಕನ್ ಅಮೆರಿಕನ್ನರಲ್ಲಿ ಸುಮಾರು ಶೇಕಡಾ 40 ಮಂದಿಗೆ ಒಂದು ಪ್ರತಿಯಲ್ಲಾದರೂ ಅಲ್ಲಿ ಲ್ಯೂಸಿನ್ ಇದೆ. ಲ್ಯೂಸಿನ್ ಇರುವ ಕಿಣ್ವ ಗ್ರಾಹಿಯನ್ನು ಹೆಚ್ಚು ಚೆನ್ನಾಗಿ ತಣಿಸುತ್ತದೆ. ಬೀಟಾ ಬ್ಲಾಕರ್ ಮಾತ್ರೆ ಮಾಡುವ ಕೆಲಸವನ್ನು ಅವರ ದೇಹ ಹುಟ್ಟಿನಿಂದಲೇ ಮಾಡಿಕೊಳ್ಳುತ್ತಿದೆ! ಲಿಗೆಟ್ ಮತ್ತು ಜೆರಾಲ್ಡ್ ಡಾರ್ನ್ ಅವರ ತಂಡಗಳು ನೋಡಿದಾಗ, ಹೃದಯ ಸೋತರೂ ಇಂಥವರು ಹೆಚ್ಚು ಕಾಲ ಬದುಕುತ್ತಿದ್ದರು.

ಕೆಲವು ಪರೀಕ್ಷೆಗಳಲ್ಲಿ ಆಫ್ರಿಕನ್ ಅಮೆರಿಕನ್ನರಿಗೆ ಬೀಟಾ ಬ್ಲಾಕರಿನಿಂದ ಲಾಭ ಕಡಿಮೆ ಎಂದು ಕಂಡದ್ದಕ್ಕೆ ಇಲ್ಲೊಂದು ವಿವರಣೆ ಸಿಗುತ್ತದೆ. ಹುಟ್ಟಿನಿಂದಲೇ ತಡೆ ಇದ್ದವರಿಗೆ ಮಾತ್ರೆಯ ತಡೆ ಎದ್ದು ಕಾಣದು. ಆದರೆ ಉಳಿದ ಶೇಕಡಾ 60 ಮಂದಿಗೆ ಆ ಮಾತ್ರೆ ಬೇಕೇ ಬೇಕು. ಮೈಬಣ್ಣ ನೋಡಿ ಔಷಧಿ ನಿರ್ಧರಿಸಿದ ವೈದ್ಯ ಆ ಜನರಿಗೆ ಅನ್ಯಾಯ ಮಾಡುತ್ತಾನೆ. ಒಂದೇ ಬೀದಿಯ, ಒಂದೇ ಮನೆಯ ಅಣ್ಣತಮ್ಮಂದಿರಲ್ಲೇ ಈ ಪ್ರತಿಗಳು ಬೇರೆ ಬೇರೆಯಾಗಿರಬಹುದು. ಜನಾಂಗದ ಹೆಸರಿನಿಂದ ಜೀನನ್ನು ಊಹಿಸುವುದು ವಿಜ್ಞಾನವಲ್ಲ ಎಂದು ನಾನು ಒತ್ತಿ ಹೇಳುತ್ತೇನೆ.

ನಮ್ಮ ದೇಶಕ್ಕೆ ಬರೋಣ. ತಿರುವನಂತಪುರದ ಆಸ್ಪತ್ರೆಗಳಲ್ಲಿ 2013ರಲ್ಲಿ ದಾಖಲಾದ 1205 ಹೃದಯ ವೈಫಲ್ಯದ ರೋಗಿಗಳ ಸರಾಸರಿ ವಯಸ್ಸು 61 ವರ್ಷ. ಪಾಶ್ಚಾತ್ಯ ದೇಶಗಳಲ್ಲಿ ಇದು ಬರುವುದು ಇನ್ನೂ ವಯಸ್ಸಾದ ಮೇಲೆ. ನಮ್ಮವರಲ್ಲಿ ವಂಶದ ಒಂದು ವಿಶೇಷವೂ ಇದೆ. ಹೃದಯ ಸ್ನಾಯುವಿನಲ್ಲಿ ಮಯೋಸಿನ್ ಬೈಂಡಿಂಗ್ ಪ್ರೋಟೀನ್-ಸಿ ಎಂಬುದಿದೆ. ಅದರ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಪ್ರತಿಯನ್ನು ದಕ್ಷಿಣ ಏಷ್ಯಾದ ಸುಮಾರು ಶೇಕಡಾ 4 ಮಂದಿ ಹೊತ್ತಿದ್ದಾರೆ ಎಂದು 2009ರಲ್ಲಿ ವಿಜ್ಞಾನಿ ಧಂಡಪಾಣಿ, ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು ಪ್ರಕಟಿಸಿದರು. ಧಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಹೃದಯ ಸ್ನಾಯುವಿನ ಕಾಯಿಲೆಗಳ ಸಂಶೋಧನೆ ಮುಂದುವರಿಸಿದರು. ಈ ಪ್ರತಿ ಇರುವ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಹರೆಯದಲ್ಲಿ ಬಹುತೇಕರು ಆರೋಗ್ಯವಾಗಿಯೇ ಇರುತ್ತಾರೆ. ಅಪಾಯ ಹೆಚ್ಚುವುದು ವಯಸ್ಸು ಏರಿದಂತೆ.

ಇದು ಸ್ನಾಯುವಿನ ಮಾತು, ನರದ ವಿಷಯಕ್ಕೆ ಏನು ಸಂಬಂಧ ಎಂದರೆ, ಸಂಬಂಧ ನೇರವಾದದ್ದು. ಬೀಟಾ ಗ್ರಾಹಿ ಕೆರಳಿದಾಗ ಹೊರಡುವ ಆಜ್ಞೆ ಕೊನೆಗೆ ಮುಟ್ಟುವ ಪ್ರೋಟೀನುಗಳಲ್ಲಿ ಇದೂ ಒಂದು. ನರದ ಆಜ್ಞೆ ಬಂದಾಗ ಇದರ ಮೇಲೆ ಫಾಸ್ಫೇಟ್ ಕೂರುತ್ತದೆ, ಆಗ ಸ್ನಾಯು ಬೇಗ ಬಿಗಿದು ಬೇಗ ಸಡಿಲಗೊಳ್ಳುತ್ತದೆ. ಹಾಗಾಗಿ ನಮ್ಮ ರೋಗಿಗಳಲ್ಲಿ ಗ್ರಾಹಿಯ ಜೀನುಗಳನ್ನೂ ಈ ಸ್ನಾಯುವಿನ ಜೀನನ್ನೂ ಒಟ್ಟಿಗೆ ಓದಬೇಕು. ಅಮೆರಿಕದಲ್ಲಿ ನಡೆದ ಲೆಕ್ಕವನ್ನು ಚಿತ್ರದುರ್ಗದ, ಕಲಬುರಗಿಯ ರೋಗಿಗೆ ಹಾಗೆಯೇ ಹಚ್ಚುವುದು ಸಲ್ಲದು.

ಇಷ್ಟೆಲ್ಲ ಕೇಳಿದ ಮೇಲೆ, ಜೀನ್ ಪರೀಕ್ಷೆ ಮಾಡಿಸಿಕೊಂಡೇ ಮಾತ್ರೆ ನುಂಗಬೇಕೇ ಎಂದು ಮನೆಯಲ್ಲಿ ರೋಗಿಯಿರುವವರು ಯೋಚಿಸುತ್ತಿರಬಹುದು. ಬೇಡ. ಬೀಟಾ ಗ್ರಾಹಿಯ ಜೀನು ನೋಡಿ ಔಷಧಿ ಆರಿಸುವ ಪದ್ಧತಿ ಇನ್ನೂ ದಿನನಿತ್ಯದ ಚಿಕಿತ್ಸೆಗೆ ಬಂದಿಲ್ಲ. ಆರ್ಜಿನಿನ್ ಜೋಡಿ ಇದ್ದ 267 ರೋಗಿಗಳಲ್ಲಷ್ಟೇ ಬ್ಯುಸಿಂಡೊಲಾಲನ್ನು ಮೆಟೊಪ್ರೊಲಾಲಿನೊಂದಿಗೆ ಹೋಲಿಸಿ, ಹೃದಯ ಬಡಿತದ ಏರುಪೇರಿನ ಮೇಲೆ ಪರೀಕ್ಷಿಸಿದ ಫಲಿತಾಂಶ 2019ರಲ್ಲಿ ಬಂತು. ಒಟ್ಟಾರೆ ನೋಡಿದಾಗ ಎರಡರ ನಡುವೆ ನೆಚ್ಚುವಂಥ ಅಂತರ ಕಾಣಲಿಲ್ಲ. ಸದ್ಯಕ್ಕೆ ವೈದ್ಯರು ಮಾಡುವುದು ಸಣ್ಣ ಪ್ರಮಾಣದಿಂದ ಶುರುಮಾಡಿ, ಎರಡೆರಡು ವಾರ ಬಿಟ್ಟು ನಾಡಿ ಮತ್ತು ರಕ್ತದೊತ್ತಡ ನೋಡಿ ಏರಿಸುವುದು. ಮೆಟೊಪ್ರೊಲಾಲನ್ನು ಕರಗಿಸುವ ಯಕೃತ್ತಿನ ಕಿಣ್ವ ಕೂಡ ಜೀನಿನಿಂದಾಗಿ ಕೆಲವರಲ್ಲಿ ಮಂದವಾಗಿರುತ್ತದೆ. ಅವರಿಗೆ ಸಣ್ಣ ಮಾತ್ರೆಯೇ ಹೆಚ್ಚಾಗಿ ತಲೆ ತಿರುಗಬಹುದು. ಅದನ್ನು ವೈದ್ಯರಿಗೆ ಹೇಳಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ, ಯಾರಿಗಾದರೂ ಹೃದಯ ದಪ್ಪವಾಗಿದೆ ಅಥವಾ ಹಿಗ್ಗಿದೆ ಎಂದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಇನ್ನೊಂದು ಮಾತು ಹೇಳಲೇಬೇಕು. ಸ್ವಲ್ಪ ಗುಣವಾಯಿತೆಂದೋ, ಸುಸ್ತಾಗುತ್ತದೆಂದೋ, ಊರ ಜಾತ್ರೆಗೆ ಹೋದಾಗ ಮುಗಿದುಹೋಯಿತೆಂದೋ ಬೀಟಾ ಬ್ಲಾಕರನ್ನು ಒಮ್ಮೆಗೇ ಬಿಡಬೇಡಿ. ಮಾತ್ರೆ ತಡೆದು ನಿಂತಷ್ಟು ಕಾಲ ಹೃದಯ ಕಳೆದುಕೊಂಡಿದ್ದ ಗ್ರಾಹಿಗಳನ್ನು ಮತ್ತೆ ಬೆಳೆಸಿಕೊಂಡಿರುತ್ತದೆ. ಮಾತ್ರೆ ದಿಢೀರನೆ ನಿಂತರೆ, ಹೆಚ್ಚಿದ ಅಷ್ಟೂ ಗ್ರಾಹಿಗಳ ಮೇಲೆ ನಾರ್‌ಅಡ್ರಿನಲಿನ್ ಬೀಳುತ್ತದೆ. ಯೋತೆಬೋರಿಯ ವೈದ್ಯರೇ 1980ರಲ್ಲಿ, ಚೇತರಿಸಿಕೊಂಡಿದ್ದ ರೋಗಿಗಳಲ್ಲಿ ಔಷಧಿ ನಿಲ್ಲಿಸಿದಾಗ ಹಲವರ ಹೃದಯ ಮತ್ತೆ ಸೋತದ್ದನ್ನೂ, ಮರಳಿ ಶುರುಮಾಡಿದಾಗ ಸುಧಾರಿಸಿದ್ದನ್ನೂ ದಾಖಲಿಸಿದ್ದಾರೆ. ಬಿಡಲೇಬೇಕಾಗಿ ಬಂದರೆ ವೈದ್ಯರ ಸಲಹೆಯಂತೆ ವಾರಗಟ್ಟಲೆ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಿಡಿ.